ಅಂಗಿ ಮೊಳೆಯ ಬಿಲ್ಲೆ

ಮನುಷ್ಯರ ಹೆಸರು ನನ್ನ ನಾಲಿಗೆಗೆ ಎಂದೂ ಹತ್ತಿದ್ದಿಲ್ಲ. ಅದನ್ನು ಮರೆವು ಅನ್ನಬೇಡಿ, ಅದು ನನ್ನ ಕೆಲಸದ ಗುಣ. ಹುಬ್ಬಳ್ಳಿಯ ಒಂದು ದೊಡ್ಡ ವರ್ಕ್‌ಶಾಪಿನ ಟೂಲ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಅಲ್ಲಿ ಪ್ರತಿಯೊಬ್ಬ ಕೆಲಸಗಾರನ ಹತ್ತಿರವೂ ಅವನ ನಂಬರು ಕೆತ್ತಿದ ನಾಲ್ಕಾರು ಹಿತ್ತಾಳೆ ಬಿಲ್ಲೆಗಳಿರುತ್ತವೆ. ಪಾನಾ, ಅಂದರೆ ಸ್ಪ್ಯಾನರ್, ಬೇಕೆಂದರೆ ಕಿಟಕಿಯಲ್ಲಿ ಒಂದು ಬಿಲ್ಲೆ ಕೊಡಬೇಕು. ನಾನು ಪಾನಾ ಕೊಟ್ಟು, ಅದು ತೂಗುತ್ತಿದ್ದ ಮೊಳೆಗೆ ಆ ಬಿಲ್ಲೆಯನ್ನು ಹಾಕುತ್ತೇನೆ. ಸಂಜೆ ಪಾನಾ ಬಂತು, ಬಿಲ್ಲೆ ಹೋಯಿತು. ಮೊಳೆಯ ಮೇಲೆ ಸಾಮಾನಾದರೂ ಇರಬೇಕು, ಬಿಲ್ಲೆಯಾದರೂ ಇರಬೇಕು. ಎರಡೂ ಇಲ್ಲದ ಖಾಲಿ ಮೊಳೆ ಕಂಡರೆ ಅವತ್ತು ನನಗೆ ಊಟ ಸೇರುವುದಿಲ್ಲ.

ಹೀಗಾಗಿ ನನಗೆ ಜನ ಗೊತ್ತಿರುವುದೆಲ್ಲ ನಂಬರಿನಿಂದ. ಮದುವೆಗೆ ಹೋದಾಗ ಹೆಂಡತಿಯ ಕಿವಿಯಲ್ಲಿ, "ಅಲ್ನೋಡು, ನಾನೂರಾ ಹನ್ನೆರಡು ಮೂರನೇ ಸಲ ಹುಗ್ಗಿ ಹಾಕಿಸ್ಕೊಳ್ಳಾಕತ್ತಾನ" ಎಂದರೆ ಅವಳು ತೊಡೆ ಚಿವುಟುತ್ತಾಳೆ. ಒಂದು ಸಾವಿರ ಮಂದಿಯ ನಂಬರು, ಯಾರು ಯಾವ ಸಾಮಾನು ಒಯ್ದರು, ಯಾರು ಗರಗಸದ ಹಲ್ಲು ಮುರಿದು ತಂದರು, ಎಲ್ಲ ನನ್ನ ತಲೆಯಲ್ಲಿತ್ತು. ಪುಸ್ತಕ ತೆಗೆದು ನೋಡುವುದು ಅಪಮಾನ ಎಂದುಕೊಂಡಿದ್ದ ಕಾಲವದು. ಸೊಕ್ಕು ಅನ್ನಿ ಬೇಕಾದರೆ, ಬೇಡ ಅನ್ನುವುದಿಲ್ಲ.

ಅಪ್ಪನೂ ಅದೇ ವರ್ಕ್‌ಶಾಪಿನವನು, ಲೇತ್ ಮೇಲೆ ಕೆಲಸ. ನಿವೃತ್ತಿಯಾದ ಕೆಲವು ವರ್ಷಕ್ಕೆ ಅವನಿಗೆ ಮರೆವು ಶುರುವಾಯಿತು. ಮೊದಲು ದಾರಿ ಮರೆತ, ಆಮೇಲೆ ನನ್ನನ್ನು ಮರೆತ, ಕಡೆಗೆ ತನ್ನ ಹೆಸರನ್ನೇ ಬಿಟ್ಟ. ನಂಬರು ಮಾತ್ರ ಬಿಡಲಿಲ್ಲ. ಯಾರಾದರೂ "ಅಜ್ಜಾರ, ನಿಮ್ಮ ಹೆಸರೇನ್ರಿ?" ಎಂದರೆ ಎದೆ ಸೆಟೆಸಿ "ಆರನೂರಾ ಹದಿಮೂರು" ಅನ್ನುತ್ತಿದ್ದ. ಬೆಳಿಗ್ಗೆ ಏಳಾಯಿತೆಂದರೆ ಬುತ್ತಿ ಡಬ್ಬಿ ಹಿಡಿದು ಡ್ಯೂಟಿಗೆ ಹೊರಡುತ್ತಿದ್ದ, ತಡೆದರೆ ಓಣಿಗೆಲ್ಲ ಕೇಳುವ ಹಾಗೆ ರಂಪ. ಅವ್ವ ಒಂದು ಉಪಾಯ ಕಂಡುಕೊಂಡಳು. ಅವನನ್ನು ತಡೆಯದೆ ಓಣಿಯ ತಿರುವಿನ ತನಕ ಹಿಂದೆಯೇ ನಡೆದು, ಅಲ್ಲಿ ಮೆಲ್ಲಗೆ, "ಅಲ್ರೀ, ಇವತ್ತ ಸೂಟಿ ಐತ್ರಿ" ಅನ್ನುವಳು. "ಹೌದನ? ಮೊದಲ ಹೇಳಬಾರದನ!" ಎಂದು ಅಪ್ಪ ಖುಷಿಯಿಂದ ತಿರುಗಿ ಬಂದು, ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುವನು. ಎರಡು ವರ್ಷ ನಮ್ಮ ಮನೆಯಲ್ಲಿ ದಿನಾ ಸೂಟಿ, ದಿನಾ ರಜೆ. ಒಂದು ದಿನ ಅವ್ವ ಪೂಜೆಗೆ ಕೂತಾಗ ಅಪ್ಪ ಒಬ್ಬನೇ ಹೊರಬಿದ್ದ. ಸಂಜೆ ಉಣಕಲ್ ಕೆರೆಯ ಹತ್ತಿರ ಬಿಸಿಲಲ್ಲಿ ಬಸವಳಿದು ಕೂತಿದ್ದವನನ್ನು ಯಾರೋ ಪುಣ್ಯಾತ್ಮರು ಆಟೋದಲ್ಲಿ ತಂದು ಬಿಟ್ಟರು. ಅವತ್ತು ಹಿಡಿದ ಜ್ವರ ಬಿಡಲಿಲ್ಲ, ಹದಿನೈದು ದಿನಕ್ಕೆ ಹೋದ. ಅದಾಗಿ ಒಂಬತ್ತು ವರ್ಷ.

ಇದನ್ನು ಮೊದಲೇ ಯಾಕೆ ಹೇಳಿದೆನೆಂದರೆ, ಹೋದ ವರ್ಷ ನನಗೆ ಐವತ್ತನಾಲ್ಕು ತುಂಬಿದ ಮೇಲೆ ನಾನೂ ಮರೆಯತೊಡಗಿದೆ.

ಸಣ್ಣ ಪುಟ್ಟವನ್ನು ಬಿಡಿ, ಅವು ಎಲ್ಲರಿಗೂ ಆಗುತ್ತವೆ. ಮುನ್ನೂರಾ ಐದರ ತಂದೆ ತೀರಿಕೊಂಡಾಗಿನ ಸಂಗತಿ ಕೇಳಿ. ಹಿರಿಯರು, ತೊಂಬತ್ತರ ಹತ್ತಿರ ಬಂದವರು. ಮಾತಾಡಿಸಿಕೊಂಡು ಬರೋಣವೆಂದು ಹೆಂಡತಿಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಹಳೇ ಹುಬ್ಬಳ್ಳಿಗೆ ಹೋದೆ. ಹೇಳಬೇಕಾದ್ದನ್ನೆಲ್ಲ ಸರಿಯಾಗಿಯೇ ಹೇಳಿದೆ: "ಹಿರ್ಯಾರು ಮನಿಗೆ ನೆಳ್ಳಾಗಿದ್ರು, ಧೈರ್ಯ ತಗೋಬೇಕ್ರಿ." ಚಹಾ ಬಂತು. ಮಾತು ರಸ್ತೆ ಅಗೆತಕ್ಕೆ ಹೋಯಿತು, ಅಲ್ಲಿಂದ ಮೆಣಸಿನಕಾಯಿಗೆ, ಅಲ್ಲಿಂದ ಕ್ರಿಕೆಟ್ಟಿಗೆ. ಅರ್ಧ ತಾಸು ಹರಟೆ ಹೊಡೆದು ಎದ್ದೆ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, ಇಪ್ಪತ್ತು ವರ್ಷದಿಂದ ಆ ಮನೆಯಿಂದ ಹೊರಡುವಾಗ ಹೇಳಿದ ಮಾತನ್ನೇ ಹೇಳಿದೆ.

"ಬರ್ತೇವ್ರಿಪಾ ಹಂಗಾರ. ಅಪ್ಪಾರು ಎದ್ದ ಮ್ಯಾಲೆ ನಾ ಬಂದ್ ಹೋದೆ ಅಂತ ಹೇಳ್ರಿ."

ಮುನ್ನೂರಾ ಐದು ಸಂಭಾವಿತ ಮನುಷ್ಯ. ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಕೈ ಮುಗಿದು, "ಆತ್ರಿ, ಹೇಳ್ತೇನ್ರಿ" ಎಂದ.

ದುರ್ಗದ ಬೈಲು ದಾಟಿದ್ದೆವು. ಹಿಂದೆ ಕೂತ ಹೆಂಡತಿಯಿಂದ ಬೆನ್ನಿಗೆ ಒಂದು ಗುದ್ದು ಬಿತ್ತು. "ಎದ್ದ ಮ್ಯಾಲೆ ಹೇಳ್ರಿ ಅಂತೀರಲ್ಲ, ಎಲ್ಲಿಂದ ಏಳಬೇಕ್ರಿ ಅವರು? ನನಗ ಭೂಮಿ ಬಾಯಿ ತಗದ್ರ ಇಳದ್ ಹೋಗ್ತಿದ್ದೆ!" ಎಂದು ಬೈಯುತ್ತ ಬೈಯುತ್ತಲೇ ಅವಳಿಗೆ ನಗು ಉಕ್ಕಿತು. ನನಗೂ ಬಂತು. ಸಿಗ್ನಲ್‌ನಲ್ಲಿ ನಿಂತು ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಪಕ್ಕದ ಆಟೋದವನು ನಮಗೇನೋ ಲಾಟರಿ ಹೊಡೆದಿದೆ ಎಂದುಕೊಂಡಿರಬೇಕು.

ಮನೆಗೆ ಬಂದು ಅವ್ವನಿಗೂ ಹೇಳಿದೆವು, ಅವಳೂ ನಗಲಿ ಎಂದು. ಅವ್ವ ನಗಲಿಲ್ಲ. ಬಿಡಿಸುತ್ತಿದ್ದ ಮೆಂತ್ಯೆ ಸೊಪ್ಪನ್ನು ಕೆಳಗಿಟ್ಟು, "ನಿಮ್ಮಪ್ಪಗೂ ಮೊದಲ ಹಿಂಗ ಆಗತಿತ್ತು" ಎಂದಳು. ನಗು ಅಲ್ಲಿಗೇ ನಿಂತಿತು.

ಅವತ್ತಿನಿಂದ ನನಗೆ ಹೆದರಿಕೆ ಹೊಕ್ಕಿತು. ಸುಳ್ಳು ಯಾಕೆ ಹೇಳಲಿ, ಸ್ನಾನ ಮಾಡುವಾಗ ತಲೆಗೆ ನೀರು ಸುರಿದುಕೊಳ್ಳುತ್ತ ನನ್ನ ನಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಇವತ್ತು ಯಾವ ವಾರ? ನಿನ್ನೆ ಏನು ಪಲ್ಯ? ಪಲ್ಯ ನೆನಪಾಗದಿದ್ದರೆ ಒಳಗಿನಿಂದಲೇ ಕೂಗಿ ಹೆಂಡತಿಯನ್ನು ಕೇಳುವುದು, ಅವಳು "ಜಳಕಾ ಮಾಡ್ರಿ ಮೊದಲ" ಎಂದು ಗದರುವುದು.

ಕಾರಣ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಹೆಂಡತಿಯ ಪ್ರಕಾರ ಮೊಬೈಲು: "ಹೊತ್ತು ಮುಳುಗೂತನಾ ಬೆರಳಿಲೆ ಮ್ಯಾಲೆ ತಳ್ಳಿದ್ದ ತಳ್ಳಿದ್ದು, ತಲಿಯಾಗಿಂದೂ ಮ್ಯಾಲೆ ಹೋಗೇತಿ." ಅವ್ವನ ಪ್ರಕಾರ ಚಪಾತಿ. ಜೋಳದ ರೊಟ್ಟಿ ಬಿಟ್ಟು ಗೋದಿ ಹಿಡಿದವರ ತಲೆ ಮೆತ್ತಗಾಗುತ್ತದಂತೆ. ನಾನೂರಾ ಹನ್ನೆರಡರ ಪ್ರಕಾರ ನಾನು ಕೂದಲಿಗೆ ಹಚ್ಚಿಕೊಳ್ಳುವ ಕಪ್ಪು ಬಣ್ಣ ಬೇರಿನಿಂದ ಮಿದುಳಿಗೆ ಇಳಿಯುತ್ತದೆ. "ಮೂರು ಸಲ ಹುಗ್ಗಿ ತಿಂದ್ರ ಏನಾಗತೈತಿ ಅಂತ ಹೇಳು ಮೊದಲ" ಎಂದು ಅವನ ಬಾಯಿ ಮುಚ್ಚಿಸಿದೆ. ನನ್ನ ಸ್ವಂತ ಅಭಿಪ್ರಾಯ, ಹುಬ್ಬಳ್ಳಿಯ ರಸ್ತೆಗಳದ್ದೇ ತಪ್ಪು. ನಿನ್ನೆ ಹೋದ ದಾರಿ ಇವತ್ತು ಅಗೆದಿರುತ್ತದೆ, ಇವತ್ತಿನದು ನಾಳೆ ಬಂದ್. ಮನುಷ್ಯ ಏನನ್ನಂತ ನೆನಪಿಡಬೇಕು? ಇಷ್ಟು ಕಾರಣಗಳಲ್ಲಿ ಅಪ್ಪನ ಹೆಸರನ್ನು ಮಾತ್ರ ಮನೆಯಲ್ಲಿ ಯಾರೂ ತೆಗೆಯಲಿಲ್ಲ.

ಕೊನೆಗೆ ನನ್ನ ರೋಗಕ್ಕೆ ನನ್ನ ವಿದ್ಯೆಯನ್ನೇ ಹೂಡಿದೆ. ಹಳೆಯ ಕಪಾಟಿನ ಬಾಗಿಲನ್ನು ಪಡಸಾಲೆಯ ಗೋಡೆಗೆ ಬಡಿದು, ಅದಕ್ಕೆ ಸಾಲಾಗಿ ಹನ್ನೆರಡು ಮೊಳೆ ಹೊಡೆದೆ. ಸ್ಕೂಟರ್ ಕೀಲಿ, ಕನ್ನಡಕ, ಕತ್ತರಿ, ಟಾರ್ಚು, ಛತ್ರಿ, ಪ್ರತಿಯೊಂದಕ್ಕೂ ಒಂದೊಂದು ಮೊಳೆ. ಡಬ್ಬಿಯ ತಗಡು ಕತ್ತರಿಸಿ ಬಿಲ್ಲೆ ಮಾಡಿ ನಂಬರು ಕೆತ್ತಿದೆ. ಅವ್ವನಿಗೆ ಒಂದು, ಹೆಂಡತಿಗೆ ಎರಡು, ನನಗೆ ಮೂರನೆಯ ನಂಬರು, ತಲೆಗೆ ಮೂರು ಮೂರು ಬಿಲ್ಲೆ. ಕತ್ತರಿ ಬೇಕೆಂದರೆ ಬಿಲ್ಲೆ ಹಾಕು, ಕತ್ತರಿ ತಗೋ. ಮೊಳೆ ಖಾಲಿ ಕಾಣಬಾರದು.

"ಇಪ್ಪತ್ತಾರು ವರ್ಷ ಈ ಮನ್ಯಾಗ ದುಡದು ನಾ ಎರಡನೇ ನಂಬರನ?" ಎಂದಳು ಹೆಂಡತಿ.

"ಸೀನಿಯಾರಿಟಿ" ಎಂದೆ.

ಅವ್ವನಿಗೆ ಓದು ಬರಹ ಬರುವುದಿಲ್ಲ. ಆದರೆ ಇಂಗ್ಲಿಷಿನ ಒಂದು ಅಂದರೆ ನಿಂತ ಗೆರೆ ಎಂದು ತೋರಿಸಿಕೊಟ್ಟ ಮೇಲೆ ತನ್ನ ಬಿಲ್ಲೆಗಳನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಳು. ಕಾಯಿದೆಯನ್ನು ಅವಳಷ್ಟು ನಿಷ್ಠೆಯಿಂದ ಪಾಲಿಸಿದವರು ವರ್ಕ್‌ಶಾಪಿನಲ್ಲೂ ಇಲ್ಲ. ಉಗುರು ಕತ್ತರಿಸಿಕೊಳ್ಳುವ ಎರಡು ನಿಮಿಷಕ್ಕೂ ಗಂಟು ಬಿಚ್ಚಿ ಬಿಲ್ಲೆ ಹಾಕುವಳು. ನಾನೂ ಬಿಗಿಯಾಗಿದ್ದೆ. ಪಕ್ಕದ ಮನೆಯವರು ಛತ್ರಿ ಕೇಳಲು ಬಂದಾಗ, "ನಿಮ್ಮದು ಬಿಲ್ಲೆ ಇಲ್ಲಲ್ರಿ. ಮನಿ ಕೀಲಿಯರ ಇಟ್ಟು ಹೋಗ್ರಿ" ಎಂದೆ. ಅವರು ಮಳೆಯಲ್ಲಿ ನೆನೆದುಕೊಂಡೇ ಹೋದರು. ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆದರೆ ವ್ಯವಸ್ಥೆ ಫಲ ಕೊಟ್ಟಿತು. ಒಂದು ತಿಂಗಳು ಏನೂ ಕಳೆಯಲಿಲ್ಲ. ಹೊತ್ತಿಗೆ ಸರಿಯಾಗಿ ಕೀಲಿ ಕೀಲಿಯ ಮೊಳೆಯಲ್ಲಿ, ಕನ್ನಡಕ ಕನ್ನಡಕದ ಮೊಳೆಯಲ್ಲಿ. ವರ್ಕ್‌ಶಾಪಿನಲ್ಲಿ ಚಹಾ ಕುಡಿಯುತ್ತ, ಮರೆವಿಗೆ ಔಷಧ ಡಾಕ್ಟರ ಹತ್ತಿರ ಅಲ್ಲ, ಮೊಳೆಯ ಅಂಗಡಿಯಲ್ಲಿದೆ ಎಂದು ಭಾಷಣ ಬಿಗಿದೆ.

ಆಗ ಹೆಂಡತಿ ಸುಳ್ಳ ಎಂಬ ಹಳ್ಳಿಗೆ ಹೋದಳು. ಅದು ಅವಳ ತವರು. ಬೇಸಿಗೆಯಲ್ಲಿ ಅಕ್ಕತಂಗಿಯರು, ನಾದಿನಿಯರು ಎಲ್ಲ ಕೂಡಿ ವರ್ಷಕ್ಕಾಗುವಷ್ಟು ಶಾವಿಗೆ ಹೊಸೆಯುತ್ತಾರೆ. ನಾಲ್ಕು ದಿನದ ಕೆಲಸ.

ಮೊದಲ ದಿನ ಹಾಲು ಉಕ್ಕಿ ಒಲೆ ಆರಿತು, ಗ್ಯಾಸ್ ವಾಸನೆ ಹಿಡಿದು ಅವ್ವ ಬಂದ್ ಮಾಡಿದಳು. ಎರಡನೆಯ ದಿನ ಕನ್ನಡಕದ ಮೊಳೆಯಲ್ಲಿ ಕನ್ನಡಕವೂ ಇಲ್ಲ, ಬಿಲ್ಲೆಯೂ ಇಲ್ಲ. ಮೂರನೆಯ ದಿನ ನನ್ನ ಮೂರೂ ಬಿಲ್ಲೆ ಎಲ್ಲಿಟ್ಟೆನೆಂದೇ ನೆನಪಾಗಲಿಲ್ಲ. ಆಗ ಹೊಳೆಯಿತು ನೋಡಿ, ಒಂದು ತಿಂಗಳು ನಾನು ಎಲ್ಲೆಂದರಲ್ಲಿ ಬಿಸಾಡಿದ್ದನ್ನು ಸದ್ದಿಲ್ಲದೆ ತಂದು ಮೊಳೆಗೆ ಹಾಕುತ್ತಿದ್ದದ್ದು ಎರಡನೆಯ ನಂಬರು. ಫೋನ್ ಮಾಡಿ ಕೇಳಿದರೆ, "ಮತ್ತೇನ್ ಮಾಡಬೇಕಿತ್ರಿ? ಅಷ್ಟು ಖುಷಿಲೆ ಮೊಳಿ ಹೊಡದಿದ್ರಿ" ಎಂದಳು.

ನಾಲ್ಕನೆಯ ದಿನ ಬೆಳಿಗ್ಗೆ ವರ್ಕ್‌ಶಾಪಿನ ಗೇಟಿನಲ್ಲಿ ಹಾಜರಿ ಹಾಕುವ ಹೆಬ್ಬೆರಳಿನ ಯಂತ್ರ ಕೆಟ್ಟು ನಿಂತಿತ್ತು. ಒಬ್ಬ ಹೊಸ ಗುಮಾಸ್ತ ಪುಸ್ತಕ ಹಿಡಿದು ಕೂತಿದ್ದ. ಸಾಲಿನಲ್ಲಿ ನನ್ನ ಪಾಳಿ ಬಂತು.

"ನಂಬರ್ ಹೇಳ್ರಿ ಸರ್."

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಹಿಂದೆ ನಿಂತವನದು ಏಳನೂರಾ ಎಂಬತ್ತು, ಅವನ ಹಿಂದಿನವನದು ಇನ್ನೂರಾ ಒಂದು, ಎಲ್ಲರದೂ ಗೊತ್ತು. ನನ್ನದು ಇಲ್ಲ. ಕಿಟಕಿಯ ಒಳಗೆ ಕೂತವನಿಗೆ ಬಿಲ್ಲೆ ಯಾಕೆ ಬೇಕು? ಬೇಕಾದ ಸಾಮಾನು ಕೈಚಾಚಿ ತೆಗೆದುಕೊಂಡವನು ನಾನು. ಎಷ್ಟೋ ವರ್ಷದಿಂದ ನನ್ನ ನಂಬರನ್ನು ನನ್ನ ಬಾಯಿಂದ ಹೇಳಿರಲಿಲ್ಲ. ಬಾಯಿಗೆ ಬರುತ್ತಿದ್ದದ್ದು ಒಂದೇ, ಆರನೂರಾ ಹದಿಮೂರು. ಅಪ್ಪನದು. ಎಲ್ಲ ಬಿಟ್ಟ ಅಪ್ಪ ಕೂಡ ಕಡೆಯ ತನಕ ತನ್ನ ನಂಬರು ಹಿಡಿದಿದ್ದ, ನಾನು ಮೊದಲಿಗೇ ಅದನ್ನು ಬಿಟ್ಟೆನೇ? ಹೊಟ್ಟೆ ನೋವೆಂದು ಏನೋ ಒದರಿ, ಗುಮಾಸ್ತನ ಮುಖ ನೋಡದೆ ಮನೆಯ ದಾರಿ ಹಿಡಿದೆ.

ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. "ಯಾಕೋ, ಲಗೂ ಬಂದಿ?"

ಅವಳಿಗೆ ಗಾಬರಿಯಾಗದ ಹಾಗೆ ಏನಾದರೂ ಹೇಳಬೇಕಿತ್ತು. ಬುತ್ತಿ ಡಬ್ಬಿ ಪಕ್ಕಕ್ಕಿಟ್ಟು, ಆದಷ್ಟು ಹಗುರಾಗಿ ಹೇಳಿದೆ.

"ಇವತ್ತ ಸೂಟಿ ಐತಿ, ಅವ್ವ."

ಮಾತು ಬಾಯಿಂದ ಬಿದ್ದ ಮೇಲೆ ಅದೇನೆಂದು ನನಗೆ ತಿಳಿಯಿತು. ಅವ್ವನ ಕೈ ಮೊರದಲ್ಲಿ ನಿಂತಿತು. ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು, ಮತ್ತೆ ಮುಖ ನೋಡಿದಳು.

"ಯಾರ್ ಹೇಳಿದ್ರು ನಿನಗ?" ಎಂದಳು.

ಐವತ್ತನಾಲ್ಕು ವರ್ಷದ ಗಂಡಸು ನಾನು, ಅವಳ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಅವ್ವ ಸಮಾಧಾನ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಸೊಸೆಗೆ ಫೋನ್ ಹಚ್ಚಿಸಿಕೊಂಡು, "ಶಾವಿಗಿ ಇದ್ದಲ್ಲೇ ಬಿಟ್ಟು ಬಾ" ಎಂದಳು. ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಬಂದಳು, ಉಗುರ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು. ಚೀಲ ಕೆಳಗಿಡುವ ಮೊದಲೇ, "ಸಾವಿರದ ಎಪ್ಪತ್ತೆರಡು. ಇದನ್ನೂ ನಾನ ನೆನಪಿಡಬೇಕನ?" ಎಂದು ಗದರಿದಳು. ಅವಳ ಬೈಗುಳ ಅಷ್ಟು ಹಿತವಾದದ್ದು ಅದೇ ಮೊದಲು.

ಮರುದಿನ ಮೂವರೂ ಧಾರವಾಡದ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವ್ವನನ್ನು ಬಿಟ್ಟು ಹೋಗಲು ನೋಡಿದರೆ ಅವಳು ನಮಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಂತಿದ್ದಳು. ಡಾಕ್ಟರು ಸಾವಕಾಶದ ಮನುಷ್ಯ. ಹೆಂಡತಿ ಕ್ಯಾಲೆಂಡರಿನ ಹಾಳೆಯ ಹಿಂದೆ ನನ್ನ ಅಪರಾಧಗಳನ್ನೆಲ್ಲ ಬರೆದುಕೊಂಡು ಬಂದಿದ್ದಳು. ಸತ್ತವರಿಗೆ ಕೊಟ್ಟ ಸಂದೇಶ ಓದಿದಾಗ ಡಾಕ್ಟರು ಕೆಮ್ಮು ಬಂದವರ ಹಾಗೆ ಕರವಸ್ತ್ರ ಬಾಯಿಗಿಟ್ಟುಕೊಂಡರು. ಚಿತ್ರ ಬರೆಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು, ರಕ್ತ ತೆಗೆಸಿದರು. ಎರಡು ದಿನ ಬಿಟ್ಟು ಮತ್ತೆ ಹೋದಾಗ ಕಾಗದ ನೋಡಿ ಹೇಳಿದರು.

"ವಿಟಮಿನ್ ಬಿ ಹನ್ನೆರಡು ಭಾಳ ಕಮ್ಮಿ ಐತ್ರಿ ನಿಮಗ. ಕಾಯಿಪಲ್ಲೆ ಅಷ್ಟ ತಿನ್ನೋರಿಗೆ ಹಿಂಗ ಆಗತೈತಿ. ಮ್ಯಾಲೆ ಗೊರಕಿ ಹೊಡೀತೀರಿ ಅಂತ ಮನಿಯವರು ಬರದಾರ, ಅಂದ್ರ ನಿದ್ದಿ ಖರೇ ನಿದ್ದಿ ಅಲ್ಲ. ಎಲ್ಲಾಕ್ಕಿಂತ ದೊಡ್ಡದು, ಹೆದರಿಕಿ. ಮರೀತೇನಿ ಮರೀತೇನಿ ಅಂತ ಕಾಯಕೋತ ಕುಂತೋನ ತಲಿಯಾಗ ಬ್ಯಾರೇದಕ್ಕ ಜಾಗಾ ಎಲ್ಲಿರತೈತ್ರಿ? ತತ್ತಿ ತಿಂತೀರೇನು?"

"ತತ್ತಿ!" ಮೊಟ್ಟೆಯ ಹೆಸರು ಕೇಳಿದ್ದೇ ಅವ್ವ ಖುರ್ಚಿಯಿಂದ ಎದ್ದೇಬಿಟ್ಟಳು. "ಅವನ ಮರವು ಹಂಗ ಇರಲ್ರಿ ಡಾಕ್ಟರ!"

ಡಾಕ್ಟರು ಸೂಜಿ ಬರೆದರು. ನಾನು ಹೊರಗೆ ಹೋಗುವ ಮೊದಲು ಗಟ್ಟಿ ಮನಸ್ಸು ಮಾಡಿ ಅಪ್ಪನ ವಿಷಯ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ಅದು ಬ್ಯಾರೆ, ಇದು ಬ್ಯಾರೆ. ಇವತ್ತಿಗೆ ನಿಮ್ಮದು ಅದಲ್ಲ. ಮುಂದಿಂದು ನನಗೂ ಗೊತ್ತಿಲ್ರಿ, ನಿಮಗೂ ಗೊತ್ತಿಲ್ಲ." ಬಸ್ಸಿನಲ್ಲಿ ಬರುತ್ತ ಹೆಂಡತಿ ಪೇಡೆಯ ಪೊಟ್ಟಣ ಬಿಚ್ಚಿದಳು. ಅವ್ವ ಪೇಡೆ ಕೈಯಲ್ಲಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು, ಹುಬ್ಬಳ್ಳಿ ಬರುವ ತನಕ ತಿನ್ನಲಿಲ್ಲ.

ಮರುದಿನ ಡ್ಯೂಟಿಗೆ ಹೋದೆ. ಯಾರೂ ಕೇಳದಿದ್ದರೂ ಗೇಟಿನಲ್ಲಿ "ಸಾವಿರದ ಎಪ್ಪತ್ತೆರಡು" ಎಂದು ಕೂಗಿದೆ. ಸಂಜೆ ಮನೆಗೆ ಬಂದು ಅಂಗಿ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ಹಾಕಲು ಹೋದರೆ, ಆ ಮೊಳೆಯ ಮೇಲೆ ಒಂದು ಬಿಲ್ಲೆ ತೂಗುತ್ತಿತ್ತು. ಒಂದನೆಯ ನಂಬರು. ಅದು ನನ್ನ ಡ್ಯೂಟಿ ಅಂಗಿಯ ಮೊಳೆ, ಹಲಗೆಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಯಿದೆ ಕೆಡಿಸಿದರೆ ನನಗೆ ತಡೆಯುವುದಿಲ್ಲ, ರೇಗಿತು.

"ಅವ್ವ, ಇಲ್ಲ್ಯಾಕ ಹಾಕೀದಿ? ಇದೇನು ಸಾಮಾನಿನ ಮೊಳಿಯೇನು?"

"ನೀ ಅಂಗಿ ಹಾಕ್ಕೊಂಡು ಹ್ವಾದ ಮ್ಯಾಲೆ ಅದು ಖಾಲಿ ಇರತೈತಲ್ಲೋ" ಎಂದಳು ಅವ್ವ. "ಖಾಲಿ ಮೊಳಿ ಇರಬಾರದು ಅಂತ ನೀನ ಹೇಳೀದಿ."

"ಹೇಳೇನಿ. ಆದ್ರ ಸಾಮಾನ ಯಾರು ಒಯ್ದಿರತಾರೋ ಅವರ ಬಿಲ್ಲೆ ಹಾಕಬೇಕು. ನನ್ನ ನೀ ಒಯ್ದೀಯೇನು? ಒಯ್ದದ್ದು ವರ್ಕ್‌ಶಾಪು. ಇದು ಯಾವ ಕಾಯಿದೆ?"

ಅವ್ವ ನನ್ನ ಕೈಯಿಂದ ಬಿಲ್ಲೆ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿದಳು.

"ನಿಮ್ಮಪ್ಪನ್ನ ಒಯ್ದಾವ ಬಿಲ್ಲೆ ಇಟ್ಟು ಹೋಗಲಿಲ್ಲೋ" ಎಂದಳು. "ಅದಕ್ಕ ಈ ಸಲ ನಂದ ಹಾಕೇನಿ."

ಅಂಗಿಯನ್ನು ಮೊಳೆಗೆ ಹಾಕಿ ಕೈಕಾಲು ತೊಳೆಯಲು ಹೋದೆ. ಬಚ್ಚಲಲ್ಲಿ ಒಳ್ಳೇ ಹೊತ್ತು ಮುಖಕ್ಕೆ ನೀರು ಹೊಡೆದುಕೊಂಡೆ.

ಈಗ ಸೂಜಿಗಳು ಮುಗಿದು ಮಾತ್ರೆಗೆ ಬಂದಿದೆ. ಮೊದಲಿಗಿಂತ ಎಷ್ಟೋ ಛಲೋ ಇದ್ದೇನೆ, ನಿನ್ನೆ ಬದನೆಕಾಯಿ ಪಲ್ಯ ಎಂದು ಯಾರನ್ನೂ ಕೇಳದೆ ಹೇಳಬಲ್ಲೆ. ಹಲಗೆಯನ್ನು ಹೆಂಡತಿ ಬಿಚ್ಚಿಸಿದಳು, ಮೊಳೆಗಳಿಗೆ ಸೀರೆ ಸಿಕ್ಕು ಹರಿಯುತ್ತಿತ್ತು. ಬಾಗಿಲ ಪಕ್ಕದ ಮೊಳೆ ಮಾತ್ರ ಉಳಿದಿದೆ. ಬೆಳಿಗ್ಗೆ ನಾನು ಅಂಗಿ ತೊಟ್ಟ ಕೂಡಲೇ ಅವ್ವ ಗಂಟು ಬಿಚ್ಚುತ್ತಾಳೆ, ಸಂಜೆ ನಾನು ಅಂಗಿ ಬಿಚ್ಚಿದ ಕೂಡಲೇ ಕಟ್ಟಿಕೊಳ್ಳುತ್ತಾಳೆ. ಇವತ್ತು ಬೆಳಿಗ್ಗೆ ಓಣಿಯ ತಿರುವಿನಲ್ಲಿ ಬುತ್ತಿ ಡಬ್ಬಿ ಮರೆತದ್ದು ನೆನಪಾಗಿ ತಿರುಗಿ ಬಂದೆ. ಅಷ್ಟರಲ್ಲಿ ಬಿಲ್ಲೆ ಮೊಳೆಗೇರಿತ್ತು. ಅವ್ವ ಬಿಲ್ಲೆ ಇಳಿಸಿಕೊಂಡಳು, ಡಬ್ಬಿ ನನ್ನ ಕೈಗೆ ಕೊಟ್ಟಳು, ನಾನು ಹೊಸ್ತಿಲು ದಾಟಿದ ಮೇಲೆ ಮತ್ತೆ ಹಾಕಿದಳು.